ಹೆಬ್ಬೆಟ್ಟಿನಿಂದ ಓಟಿಪಿವರೆಗೆ: ನಮ್ಮ ಮೂರು ತಾಲ್ಲೂಕುಗಳ ಮನೆಗೆ ಇಂಟರ್ನೆಟ್ ಬಂದ ಇತಿಹಾಸ

2023ರ ಫೆಬ್ರುವರಿ 21ರಂದು ಆಳಂದ ಪೊಲೀಸ್ ಠಾಣೆಯಲ್ಲಿ ಒಂದು ಎಫ್‌ಐಆರ್ ದಾಖಲಾಯಿತು. ದೂರು ಕೊಟ್ಟವರು ಆಳಂದ ವಿಧಾನಸಭಾ ಕ್ಷೇತ್ರದ ಮತದಾರರ ನೋಂದಣಾಧಿಕಾರಿ. ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಕೋರುವ ನಮೂನೆ 7ರ 6,018 ಅರ್ಜಿಗಳು ಆ ಒಂದೇ ಕ್ಷೇತ್ರಕ್ಕೆ ಆನ್‌ಲೈನ್‌ನಲ್ಲಿ ಬಂದಿದ್ದವು. ಸಂಶಯ ಬಂದು ಒಂದೊಂದನ್ನೂ ಪರಿಶೀಲಿಸಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು.

ಈ ಅರ್ಜಿಯಲ್ಲಿ ಇಬ್ಬರ ಹೆಸರು ಇರುತ್ತದೆ. ಯಾರನ್ನು ಪಟ್ಟಿಯಿಂದ ತೆಗೆಯಬೇಕೋ ಅವರದು ಒಂದು. ತೆಗೆಯಿರಿ ಎಂದು ಕೇಳುವವರದು ಇನ್ನೊಂದು. ಆಳಂದದಲ್ಲಿ ಮೊದಲನೆಯವರಿಗೆ ವಿಷಯ ಗೊತ್ತಿರಲಿಲ್ಲ, ಅದು ಸಹಜ. ಸೋಜಿಗವೆಂದರೆ ಎರಡನೆಯವರಿಗೂ ಗೊತ್ತಿರಲಿಲ್ಲ. ಅರ್ಜಿದಾರರೆಂದು ಹೆಸರಿದ್ದವರನ್ನು ಹುಡುಕಿಕೊಂಡು ಹೋಗಿ ಕೇಳಿದರೆ, ನಾವು ಇಂಥ ಅರ್ಜಿಯನ್ನೇ ಹಾಕಿಲ್ಲ ಎಂದರು. ಹೆಸರು ಅವರದೇ, ಗುರುತಿನ ಚೀಟಿಯ ಸಂಖ್ಯೆಯೂ ಅವರದೇ. ಅರ್ಜಿ ಹಾಕಲು ಬಳಸಿದ ಮೊಬೈಲ್ ನಂಬರ್ ಮಾತ್ರ ಬೇರೆ ಯಾರದೋ.

ಈ ಪ್ರಕರಣವನ್ನು ಚುನಾವಣೆಯ ಸುದ್ದಿಯಾಗಿ ಎಲ್ಲರೂ ಓದಿದ್ದೇವೆ. ಈ ಲೇಖನದಲ್ಲಿ ಅದನ್ನು ಮನೆಯ ಸುದ್ದಿಯಾಗಿ ನೋಡಲು ಹೊರಟಿದ್ದೇವೆ. ಮನೆಯಲ್ಲಿ ಇಂಟರ್ನೆಟ್ ಬಳಸುವಾಗ ಜಾಗ್ರತೆ ವಹಿಸಿ ಎಂದು ಬ್ಯಾಂಕಿನವರು, ಪೊಲೀಸರು, ಸಾಲಿ ಮಾಸ್ತರರು ಎಲ್ಲರೂ ಹೇಳುತ್ತಾರೆ. ಆದರೆ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೆ ಇಂಟರ್ನೆಟ್ ಹೇಗೆ ಬಂತು, ಯಾರ ಕೈಯಿಂದ ಬಂತು ಎಂಬುದನ್ನು ತಿಳಿಯದೆ ಆ ಬುದ್ಧಿಮಾತು ನಮ್ಮ ಊರುಗಳಿಗೆ ಹೊಂದುವುದಿಲ್ಲ. ಇಲ್ಲಿ ಪ್ರಶ್ನೆ ಯಾವಾಗಲೂ ಒಂದೇ ಇತ್ತು. ಕಾಗದದ ಮೇಲಿರುವ ಹೆಸರಿನ ಮನುಷ್ಯ ಇವನೇ ಎಂದು ಹೇಳುವವರು ಯಾರು?

ಪಂಚರು ಮತ್ತು ಹೆಬ್ಬೆಟ್ಟು

1948ರ ಸೆಪ್ಟೆಂಬರ್ 17ರವರೆಗೆ ಈ ಮೂರೂ ತಾಲ್ಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಮನೆಯ ಭಾಷೆ ಕನ್ನಡ, ಆಳಂದದ ಗಡಿ ಊರುಗಳಲ್ಲಿ ಮರಾಠಿಯೂ ಉಂಟು. ಊರಲ್ಲಿ ಮಾಲಿ ಪಾಟೀಲರು, ಪೊಲೀಸ್ ಪಾಟೀಲರು, ಲೆಕ್ಕ ಬರೆಯಲು ಕುಲಕರ್ಣಿ. ಆ ಹುದ್ದೆಗಳು ಹೋದರೂ ಅಡ್ಡಹೆಸರುಗಳಾಗಿ ಇಂದಿಗೂ ನಮ್ಮ ನಡುವೆ ಉಳಿದಿವೆ. ಕಾಗದದಲ್ಲಿ ಏನಿದೆ ಎಂದು ಓದಿ ಹೇಳುವವರು ಅವರು, ಹೆಬ್ಬೆಟ್ಟು ಒತ್ತುವವರು ಒಕ್ಕಲು ಮಕ್ಕಳು.

ಆ ವ್ಯವಸ್ಥೆಯಲ್ಲಿ ಎರಡು ರಕ್ಷಣೆ ಇದ್ದವು. ಹೆಬ್ಬೆಟ್ಟು ಒತ್ತಬೇಕಾದರೆ ಮನುಷ್ಯ ಎದುರಿಗೆ ಇರಬೇಕಿತ್ತು. ಪಕ್ಕದಲ್ಲಿ ಪಂಚರು ಕೂತು, ಹೌದು, ಇವನು ಇಂಥವರ ಮಗ ಎಂದು ಹೇಳಬೇಕಿತ್ತು. ದೋಷವೂ ಒಂದಿತ್ತು. ಹೆಬ್ಬೆಟ್ಟಿನ ಮೇಲ್ಗಡೆ ಏನು ಬರೆದಿದೆ ಎಂಬುದು ಒತ್ತಿದವನಿಗೆ ಗೊತ್ತಾಗುತ್ತಿರಲಿಲ್ಲ. ಹಿಂದಿನ ಮೋಸ ನಡೆಯುತ್ತಿದ್ದದ್ದು ಅಲ್ಲಿ. ಹೆಬ್ಬೆಟ್ಟು ಯಾರೂ ಕದಿಯುತ್ತಿರಲಿಲ್ಲ, ಅದರ ಮೇಲಿನ ಬರಹ ಬೇರೆ ಇರುತ್ತಿತ್ತು. ಕೈಸಾಲಕ್ಕೆ ಎಂದು ಒತ್ತಿದ್ದು ಹೊಲದ ಕಾಗದವಾಗಿರುತ್ತಿತ್ತು.

ಬೆರಳ ಗುರುತಿನ ಪದ್ಧತಿ ಹುಟ್ಟಿದ್ದೇ ಅಪನಂಬಿಕೆಯಿಂದ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಕರಾರು ಪತ್ರದ ಮೇಲೆ ಅವನ ಅಂಗೈಗೆ ಮಸಿ ಹಚ್ಚಿ ಒತ್ತಿಸಿದ. ನಾಳೆ ಈ ಕರಾರು ನನ್ನದಲ್ಲ ಎನ್ನಬಾರದು ಎಂಬುದೇ ಉದ್ದೇಶ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ಶುರುವಾಯಿತು. ಬೆರಳ ಗುರುತುಗಳನ್ನು ವಿಂಗಡಿಸುವ ಕ್ರಮವನ್ನು ಕಟ್ಟಿದವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಭಾರತೀಯ ಪೊಲೀಸ್ ಅಧಿಕಾರಿಗಳೂ ಇದ್ದರು. ಬೆರಳು ಬಂದದ್ದು ಜನರನ್ನು ಕಾಯಲಿಕ್ಕಲ್ಲ, ಜನ ಮಾತು ತಪ್ಪದಂತೆ ಕಟ್ಟಿಹಾಕಲಿಕ್ಕೆ. ಮುಂದಿನ ಕಥೆಗೆ ಈ ಮಾತು ನೆನಪಿರಲಿ.

ಕಿಟಕಿಯ ಆಚೆಗಿದ್ದ ಕಂಪ್ಯೂಟರ್

ಹಳ್ಳಿಗಳಿಗೆ ಫೋನ್ ಮುಟ್ಟಿಸುವ ಕೆಲಸದಲ್ಲಿ ಕರ್ನಾಟಕಕ್ಕೆ ಒಂದು ಜಾಗ ಇದೆ. ಸಿ-ಡಾಟ್ ಸಂಸ್ಥೆ ಧೂಳು, ಬಿಸಿಲು ತಡೆಯುವಂತೆ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಬಂದದ್ದು ಕಿತ್ತೂರಿಗೆ. ಆಮೇಲೆ ತಾಲ್ಲೂಕು ಕೇಂದ್ರಗಳ ಬಸ್ ಸ್ಟ್ಯಾಂಡ್ ಎದುರು ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಎದ್ದವು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ದೊಡ್ಡ ಶಹರಗಳಲ್ಲಿ ಜನರಿಗೆ ಇಂಟರ್ನೆಟ್ ಕೊಡಲು ಶುರುಮಾಡಿತು. ನಮ್ಮ ಭಾಗದಲ್ಲಿ ಆಗಿನ್ನೂ ಪುಣೆ, ಮುಂಬೈಗೆ ದುಡಿಯಲು ಹೋದ ಮಗನ ಫೋನಿಗಾಗಿ ಕಿರಾಣಿ ಅಂಗಡಿಯ ಮುಂದೆ ಕಾಯುವ ಕಾಲ.

ನಮ್ಮ ರೈತರಿಗೆ ಕಂಪ್ಯೂಟರಿನ ಮೊದಲ ಪರಿಚಯ ಆದದ್ದು ತಹಶೀಲ್ದಾರ್ ಕಚೇರಿಯ ಭೂಮಿ ಕೇಂದ್ರದಲ್ಲಿ. 2001ರ ಹೊತ್ತಿಗೆ ಶುರುವಾದ ಭೂಮಿ ಯೋಜನೆ ರಾಜ್ಯದ 177 ತಾಲ್ಲೂಕುಗಳನ್ನೂ ಮುಟ್ಟಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಕಿಟಕಿಯಿಂದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗಾಗಿ ಲೆಕ್ಕಿಗರ ಹಿಂದೆ ಅಲೆದವರಿಗೆ ಇದು ಸಣ್ಣ ಬದಲಾವಣೆ ಆಗಿರಲಿಲ್ಲ.

ಭೂಮಿ ಯೋಜನೆಯಲ್ಲಿ ಹೆಚ್ಚು ಚರ್ಚೆಯಾಗದ ಒಂದು ಸಂಗತಿ ಇದೆ. ಅಲ್ಲಿ ಬೆರಳು ಒತ್ತಬೇಕಾಗಿದ್ದದ್ದು ನೌಕರರು. ಪಹಣಿಯಲ್ಲಿ ಬದಲಾವಣೆ ಮಾಡುವ ಸಿಬ್ಬಂದಿ ತಮ್ಮ ಬೆರಳ ಗುರುತು ಕೊಟ್ಟೇ ಕಂಪ್ಯೂಟರ್ ಒಳಗೆ ಹೋಗಬೇಕಿತ್ತು. ನಾಳೆ ಹೆಸರು ಬದಲಾಗಿದ್ದರೆ, ಅದನ್ನು ಮಾಡಿದವರು ಯಾರು ಎಂಬುದಕ್ಕೆ ಉತ್ತರ ಇರಬೇಕೆಂದು. ಹರ್ಷೆಲ್ ಕಾಲದಿಂದ ಪ್ರಜೆಯನ್ನು ಕಟ್ಟಿಹಾಕುತ್ತಿದ್ದ ಬೆರಳು ಇಲ್ಲಿ ಒಮ್ಮೆ ಅಧಿಕಾರವನ್ನು ಕಟ್ಟಿಹಾಕಿತು.

ಈ ತಿರುವು ಬಹಳ ದಿನ ಉಳಿಯಲಿಲ್ಲ. 2006ರ ಹೊತ್ತಿಗೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಬಂದವು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ತೆಂಬ್ಲಿ ಎಂಬ ಊರಲ್ಲಿ ದೇಶದ ಮೊದಲ ಆಧಾರ್ ಸಂಖ್ಯೆ ಕೊಡಲಾಯಿತು. ಕೆಲವೇ ವರ್ಷಗಳಲ್ಲಿ ರೇಷನ್ ಅಂಗಡಿಯ ಯಂತ್ರದ ಮೇಲೆ ಮತ್ತೆ ಬಡವರ ಹೆಬ್ಬೆಟ್ಟೇ ಬಂತು. ಕಬ್ಬು ಕಡಿದು, ತೊಗರಿ ಕೊಯ್ದು ಗೆರೆ ಸವೆದ ಬೆರಳನ್ನು ಯಂತ್ರ ಒಪ್ಪದಿದ್ದರೆ ಒರೆಸಿ ಮತ್ತೊಮ್ಮೆ ಒತ್ತು ಎನ್ನುವುದನ್ನು ಮೂರೂ ತಾಲ್ಲೂಕುಗಳಲ್ಲಿ ನಾವು ಇವತ್ತಿಗೂ ನೋಡುತ್ತೇವೆ.

ಆರಂಕಿಯ ಹೆಬ್ಬೆಟ್ಟು

ಓಟಿಪಿ ಬಂದ ದಾರಿ ಬೇರೆ. ಇಂಟರ್ನೆಟ್‌ನಲ್ಲಿ ಕಾರ್ಡ್ ಬಳಸಿ ಹಣ ಕೊಡುವಾಗ ಕಾರ್ಡಿನ ಮೇಲೆ ಕಾಣುವ ವಿವರ ಸಾಲದು, ಇನ್ನೊಂದು ಗುರುತೂ ಬೇಕು ಎಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿತು. ಆ ಇನ್ನೊಂದು ಗುರುತು ಕ್ರಮೇಣ ಮೊಬೈಲಿಗೆ ಬರುವ ಅಂಕಿಯಾಯಿತು. ಬ್ಯಾಂಕಿನಿಂದ ಅದು ಗ್ಯಾಸ್ ಸಿಲಿಂಡರಿಗೆ, ಬೆಳೆ ಸಮೀಕ್ಷೆಗೆ, ವಿದ್ಯಾರ್ಥಿವೇತನಕ್ಕೆ, ಮತದಾರರ ಪಟ್ಟಿಗೆ ಹರಡಿತು.

ಓಟಿಪಿಯ ಹಿಂದೆ ಒಂದು ಊಹೆ ಇದೆ. ಒಬ್ಬ ಮನುಷ್ಯನಿಗೆ ಒಂದು ಫೋನ್, ಆ ಫೋನ್ ಯಾವಾಗಲೂ ಅವನ ಕೈಯಲ್ಲೇ ಇರುತ್ತದೆ, ಬಂದ ಸಂದೇಶವನ್ನು ಅವನೇ ಓದುತ್ತಾನೆ ಎಂಬ ಊಹೆ. ಶಹರದ ನೌಕರದಾರನಿಗೆ ಇದು ಹೊಂದಬಹುದು. ನಮ್ಮ ಮನೆಗಳಿಗೆ ಇಂಟರ್ನೆಟ್ ಬಂದ ಬಗೆಯೇ ಬೇರೆ.

2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು, ಡೇಟಾ ಅಗ್ಗವಾಯಿತು. ಎರಡು ತಿಂಗಳಲ್ಲಿ, ನವೆಂಬರ್ 8ರಂದು 500, 1,000 ರೂಪಾಯಿ ನೋಟುಗಳು ರದ್ದಾದವು. ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಂತು. ನಾಲ್ಕೇ ತಿಂಗಳಲ್ಲಿ ಇಂಟರ್ನೆಟ್ ಮನರಂಜನೆಯ ವಸ್ತುವಿನಿಂದ ಹಣದ ಚೀಲವಾಗಿ ಬದಲಾಯಿತು. 2020ರಲ್ಲಿ ಕೊರೊನಾ ಬಂದು ಸಾಲಿಗಳು ಮುಚ್ಚಿದಾಗ ಅದೇ ಫೋನ್ ಮಕ್ಕಳ ಕೈಗೆ ಪಾಠಕ್ಕಾಗಿ ಹೋಯಿತು. ಹಣದ ಚೀಲ, ಪಾಠದ ಪಾಟಿ, ಆಟದ ಸಾಮಾನು ಎಲ್ಲವೂ ಒಂದೇ ಡಬ್ಬಿಯಲ್ಲಿ.

ಹೀಗಾಗಿ ಒಂದು ಸ್ಮಾರ್ಟ್ ಫೋನ್, ಐದಾರು ಜನ ಎಂಬುದು ಹಳ್ಳಿಯ ಸಾಮಾನ್ಯ ಲೆಕ್ಕ. ಸಿಮ್ ಹಿರಿಮಗನ ಹೆಸರಲ್ಲಿ, ಅವನು ಬೆಂಗಳೂರಲ್ಲೋ ಪುಣೆಯಲ್ಲೋ. ಅವ್ವನ ಬ್ಯಾಂಕ್ ಖಾತೆಗೆ ಜೋಡಿಸಿರುವುದು ಅಳಿಯನ ನಂಬರ್. ಮುತ್ಯಾನ ಪಿಂಚಣಿಗೆ ಕೊಟ್ಟದ್ದು ಪಕ್ಕದ ಮನೆಯವರ ನಂಬರ್, ಆವಾಗ ಮನೆಯಲ್ಲಿ ಫೋನೇ ಇರಲಿಲ್ಲ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ನಡೆದಾಗ ಸೇವಾ ಕೇಂದ್ರಗಳ ಮುಂದಿನ ಸಾಲಿನಲ್ಲಿ ಪದೇ ಪದೇ ಕೇಳಿಬಂದ ಮಾತು ಎರಡೇ. ‘ಯಕ್ಕಾ, ಫೋನಿಗಿ ಒಂದ್ ನಂಬರ್ ಬಂದದ ನೋಡ್ರಿ, ಹೇಳ್ರಿ.’ ‘ನನಗ ಓದ್ಲಾಕ ಬರಲ್ಲ ತಮ್ಮಾ, ಫೋನ್ ನಿನ್ ಕೈಯಾಗೇ ಕೊಡ್ತೀನಿ, ನೀನೇ ನೋಡ್ಕೊ.’

ಇದರಲ್ಲಿ ಆ ಹೆಣ್ಣುಮಗಳ ತಪ್ಪೂ ಇಲ್ಲ, ಕೇಂದ್ರದ ಹುಡುಗನ ತಪ್ಪೂ ಇಲ್ಲ. ಕೆಲಸ ಆಗಬೇಕಾದರೆ ಬೇರೆ ದಾರಿ ಇರಲಿಲ್ಲ. ಆದರೆ ಕುಲಕರ್ಣಿಯ ಮುಂದೆ ಓದದೆ ಹೆಬ್ಬೆಟ್ಟು ಒತ್ತುತ್ತಿದ್ದ ಹಳೆಯ ರೂಢಿ ಹೊಸ ರೂಪದಲ್ಲಿ ಮುಂದುವರಿದದ್ದು ಹೀಗೆ. ಮೇಲ್ಗಡೆ ಏನು ಬರೆದಿದೆ ಎಂದು ನೋಡದೆ ಆರು ಅಂಕಿ ಹೇಳಿಬಿಡುವುದು ರೂಢಿಯಾಯಿತು. ಮೋಸಗಾರರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಸೌಲಭ್ಯ ಕೊಡುವವರು ಕಲಿಸಿದ ರೂಢಿಯನ್ನೇ ಅವರು ಬಳಸಿಕೊಂಡರು.

ಹೆಬ್ಬೆಟ್ಟೂ ಕಳುವಾಯಿತು

ಓಟಿಪಿ ಹೇಳದಿದ್ದರೆ ಸಾಕು ಎಂದು ತಿಳಿದವರಿಗೆ 2023ರಲ್ಲಿ ಇನ್ನೊಂದು ಪಾಠ ಸಿಕ್ಕಿತು. ಬೆಂಗಳೂರು, ಮಂಗಳೂರಿನಲ್ಲಿ ಕೆಲವರ ಖಾತೆಯಿಂದ ಓಟಿಪಿಯೇ ಬಾರದೆ ಹಣ ಹೋಯಿತು. ಅವರಲ್ಲಿ ಹಲವರು ಆಗಷ್ಟೇ ಆಸ್ತಿ ನೋಂದಣಿ ಮಾಡಿಸಿದವರು. ನೋಂದಣಿ ಪತ್ರದಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಆ ಪತ್ರದ ಪ್ರತಿಯನ್ನು ಆನ್‌ಲೈನ್‌ನಲ್ಲಿ ಪಡೆದು, ಗುರುತಿನಿಂದ ನಕಲಿ ಬೆರಳು ತಯಾರಿಸಿ ಹಣ ತೆಗೆದಿದ್ದರು.

ಇದಕ್ಕೆ ಅವಕಾಶ ಆದದ್ದು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ. ಹಳ್ಳಿಗೆ ಬರುವ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಸಣ್ಣ ಯಂತ್ರ ಅದೇ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಈ ಮೂರಿದ್ದರೆ ಹಣ ಬರುತ್ತದೆ. ಪಿನ್ ಬೇಡ, ಓಟಿಪಿ ಬೇಡ. ಬ್ಯಾಂಕ್ ದೂರ ಇರುವ ಊರುಗಳಿಗೆ ಇದು ದೊಡ್ಡ ಅನುಕೂಲ. ಅಲ್ಲಿಯವರೆಗೆ ಹೆಬ್ಬೆಟ್ಟು ಎಂದರೆ ಮನುಷ್ಯ ಎದುರಿಗೆ ಇದ್ದಾನೆ ಎಂದು ಅರ್ಥ. ಅಲ್ಲಿಂದಾಚೆ ಹಾಗೆ ಹೇಳಲು ಬರುವುದಿಲ್ಲ. ಆನ್‌ಲೈನ್ ಪ್ರತಿಗಳಲ್ಲಿ ಬೆರಳ ಗುರುತು, ಆಧಾರ್ ಸಂಖ್ಯೆ ಕಾಣದಂತೆ ಮಾಡುವ ಕ್ರಮವನ್ನು ಸರ್ಕಾರ ಆಮೇಲೆ ಕೈಗೊಂಡಿತು. ಆದರೆ ಓಟಿಪಿ ಬದಲಾಗುತ್ತದೆ, ಪಾಸ್‌ವರ್ಡ್ ಬದಲಿಸಬಹುದು, ಬೆರಳು ಬದಲಿಸಲು ಬರುವುದಿಲ್ಲ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಬೇರೊಂದು ಬಗೆಯ ಗುರುತು ಕಳುವಾದ ಸುದ್ದಿ 2025ರ ಜೂನ್‌ನಲ್ಲಿ ಬಂತು. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಜಾಗದ ಈ ದತ್ತ ಕ್ಷೇತ್ರಕ್ಕೆ ಮಹಾರಾಷ್ಟ್ರ, ತೆಲಂಗಾಣದಿಂದಲೂ ಭಕ್ತರು ಬರುತ್ತಾರೆ. ದೇವಸ್ಥಾನದ ಹೆಸರಿನಲ್ಲೇ ನಕಲಿ ವೆಬ್‌ಸೈಟ್‌ಗಳನ್ನು ತೆರೆದು, ಪೂಜೆ, ಸೇವೆಯ ಹೆಸರಲ್ಲಿ ಭಕ್ತರಿಂದ ಹಣ ಪಡೆದಿದ್ದಾರೆ ಎಂಬುದು ಆರೋಪ. ಜಿಲ್ಲಾಡಳಿತದ ಪರಿಶೀಲನೆಯಲ್ಲಿ ವಿಷಯ ಹೊರಬಿದ್ದು ಪೊಲೀಸ್ ದೂರಾಯಿತು. ಮನೆಯಲ್ಲಿ ಕೂತು ಫೋನಿನಲ್ಲಿ ದೇವಸ್ಥಾನದ ಹೆಸರು ಹುಡುಕಿದವರಿಗೆ ಮೊದಲು ಕಂಡದ್ದೇ ನಿಜವೆನಿಸಿರಬೇಕು. ಗುಡಿಯ ಮುಂದೆ ನಿಂತಿದ್ದರೆ ಕೌಂಟರ್ ಯಾವುದು, ರಸೀದಿ ಯಾವುದು ಎಂದು ಕಣ್ಣಿಗೆ ಕಾಣುತ್ತಿತ್ತು. ಫೋನಿನ ತೆರೆಯ ಮೇಲೆ ಎಲ್ಲ ಗುಡಿಗಳೂ ಒಂದೇ ಥರ ಕಾಣುತ್ತವೆ.

ಆಳಂದದಲ್ಲಿ ಕದ್ದದ್ದೇನು

ಮತದಾರರ ಪಟ್ಟಿಯ ಪ್ರಕರಣದಲ್ಲಿ ಯಾರ ಮನೆಯಿಂದಲೂ ಒಂದು ರೂಪಾಯಿ ಹೋಗಲಿಲ್ಲ. ಹಾಗಾಗಿಯೇ ಅದು ಮನೆಯ ವಿಷಯ ಎಂದು ಅನಿಸುವುದಿಲ್ಲ. ಆದರೆ ಹೋಗಲಿದ್ದದ್ದು ಸಣ್ಣದಾಗಿರಲಿಲ್ಲ. 2018ರಲ್ಲಿ ಆಳಂದದ ಫಲಿತಾಂಶ ತೀರ್ಮಾನವಾದದ್ದು 697 ಮತಗಳಿಂದ. 2008ರಲ್ಲಿ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಎನ್. ಧರ್ಮಸಿಂಗ್ ಸೋತದ್ದು 70 ಮತಗಳಿಂದ. ಒಂದು ಓಣಿಯ ಜನ ಆ ದಿನ ಮನೆಯಲ್ಲೇ ಉಳಿದರೆ ಫಲಿತಾಂಶ ತಿರುಗುವ ಊರುಗಳು ಇವು. ಇಂಥಲ್ಲಿ 6,018 ಅರ್ಜಿ ಎಂದರೆ ಏನೆಂದು ಲೆಕ್ಕ ಹಾಕಿ.

ಪ್ರಕರಣ ಮೊದಲು ಸಿಐಡಿಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದು ರಾಷ್ಟ್ರಮಟ್ಟದ ವಿವಾದವಾಗಿ, ರಾಜ್ಯ ಸರ್ಕಾರ ಎಡಿಜಿಪಿ ಬಿ.ಕೆ. ಸಿಂಗ್ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ರಚಿಸಿತು. ಒಂದೊಂದು ಅರ್ಜಿಗೆ 80 ರೂಪಾಯಿಯಂತೆ ಹಣ ಕೊಟ್ಟು, ಕಲಬುರಗಿಯ ಒಂದು ಡೇಟಾ ಕೇಂದ್ರದಿಂದ ಈ ಕೆಲಸ ಮಾಡಿಸಲಾಗಿತ್ತು ಎಂಬುದು ತನಿಖೆಯಿಂದ ಹೊರಬಂದ ಮಾತು. ಬೇರೆ ರಾಜ್ಯದಿಂದ ಓಟಿಪಿಗಳನ್ನು ಒದಗಿಸಿದ ಆರೋಪದ ಮೇಲೂ ಬಂಧನವಾಯಿತು. 2025ರ ಡಿಸೆಂಬರ್‌ನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗಿದೆ. ತಪ್ಪಿತಸ್ಥರು ಯಾರು ಎಂಬುದನ್ನು ನ್ಯಾಯಾಲಯ ಹೇಳಬೇಕು. ನಾವಿಲ್ಲಿ ನೋಡುತ್ತಿರುವುದು ಕೆಲಸ ನಡೆದ ಬಗೆಯನ್ನು ಮಾತ್ರ.

ಬಗೆ ಸರಳವಾಗಿತ್ತು. ಆಗ ಯಾವುದೋ ಒಂದು ಮೊಬೈಲ್ ನಂಬರಿಗೆ ಓಟಿಪಿ ತರಿಸಿಕೊಂಡು ಖಾತೆ ತೆರೆದರೆ, ಇನ್ನೊಬ್ಬ ಮತದಾರರ ಹೆಸರು, ಚೀಟಿ ಸಂಖ್ಯೆ ಹಾಕಿ ಅರ್ಜಿ ಕಳಿಸಲು ಆಗುತ್ತಿತ್ತು. ಹೆಸರಿನವರೂ ನಂಬರಿನವರೂ ಒಬ್ಬರೇ ಹೌದೇ ಎಂದು ಯಂತ್ರ ಕೇಳುತ್ತಿರಲಿಲ್ಲ. ವಿವಾದ ಎದ್ದ ಮೇಲೆ ಚುನಾವಣಾ ಆಯೋಗ ಆಧಾರ್‌ಗೆ ಜೋಡಿಸಿದ ಮೊಬೈಲ್ ಮೂಲಕ ಇ-ಸಹಿ ಮಾಡುವ ಕ್ರಮವನ್ನು ಸೇರಿಸಿತು.

ಇಷ್ಟಾಗಿಯೂ 5,994 ಹೆಸರುಗಳು ಉಳಿದದ್ದು ಹೇಗೆ? ಯಂತ್ರದಿಂದಲ್ಲ. ಒಂದು ಊರಿನ ಬೂತ್ ಮಟ್ಟದ ಅಧಿಕಾರಿ, ನಾವು ಬಿಎಲ್‌ಒ ಎನ್ನುತ್ತೇವಲ್ಲ, ಅವರು ತಮ್ಮ ಮುಂದೆ ಬಂದ ಅರ್ಜಿಗಳಲ್ಲಿ ಸ್ವಂತ ಕುಟುಂಬದವರ ಹೆಸರನ್ನೇ ಕಂಡರು. ಅರ್ಜಿದಾರರೆಂದು ಇದ್ದದ್ದು ಅದೇ ಊರಿನವರ ಹೆಸರು. ಹೋಗಿ ಕೇಳಿದರು. ನಾನು ಹಾಕಿಲ್ಲ ಎಂಬ ಉತ್ತರ ಬಂತು. ಅಲ್ಲಿಂದ ಮಾತು ಹರಡಿತು, ಆಗಿನ ಮಾಜಿ ಶಾಸಕ, ಈಗಿನ ಶಾಸಕ ಬಿ.ಆರ್. ಪಾಟೀಲರಿಗೆ ಮುಟ್ಟಿತು, ಆಯೋಗಕ್ಕೆ ದೂರು ಹೋಯಿತು, ಪರಿಶೀಲನೆ ನಡೆಯಿತು.

ಎಂದರೆ ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಪಂಚರ ಪದ್ಧತಿ. ಇವನು ಊರಲ್ಲೇ ಇದ್ದಾನೆ, ಇವನ ಮನೆ ನನಗೆ ಗೊತ್ತು ಎಂದು ಹೇಳಬಲ್ಲ ಒಬ್ಬ ಮನುಷ್ಯ. ನೂರೈವತ್ತು ವರ್ಷಗಳಲ್ಲಿ ನಾವು ಅಂಗೈಯಿಂದ ಬೆರಳಿಗೆ, ಬೆರಳಿಂದ ಅಂಕಿಗೆ ಬಂದಿದ್ದೇವೆ. ಪ್ರತಿ ಹೆಜ್ಜೆಯಲ್ಲೂ ಮನುಷ್ಯ ಎದುರಿಗೆ ಇರಬೇಕಾದ ಅಗತ್ಯ ಕಡಿಮೆಯಾಯಿತು, ಓದಿ ನೋಡಬೇಕಾದ ಅಗತ್ಯ ಹೆಚ್ಚಾಯಿತು. ಅನುಕೂಲ ಬಂದದ್ದೂ ಇದರಿಂದಲೇ, ಅಪಾಯ ಬಂದದ್ದೂ ಇದರಿಂದಲೇ.

ಮನೆಯ ಪಹಣಿ

ನಮ್ಮ ರೈತರಿಗೆ ಒಂದು ಒಳ್ಳೆಯ ರೂಢಿ ಇದೆ. ವರ್ಷಕ್ಕೊಮ್ಮೆಯಾದರೂ ಪಹಣಿ ತೆಗೆಸಿ 9ನೇ ಕಾಲಂನಲ್ಲಿ ತಮ್ಮ ಹೆಸರು ಇದೆಯೇ, 11ನೇ ಕಾಲಂನಲ್ಲಿ ತಾವು ಮಾಡದ ಸಾಲ ಏರಿದೆಯೇ ಎಂದು ನೋಡುತ್ತಾರೆ. ಓದು ಬಾರದವರೂ ಮಕ್ಕಳಿಂದ ಓದಿಸಿ ಕೇಳುತ್ತಾರೆ. ಮನೆಯ ಇಂಟರ್ನೆಟ್‌ಗೂ ಇದೇ ರೂಢಿ ಸಾಕು. ನೋಡಬೇಕಾದ ಕಾಲಂಗಳು ಇವು.

ಮೊದಲನೆಯದು ಸಿಮ್. ನಮ್ಮ ಆಧಾರ್ ಮೇಲೆ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ನೋಡಬಹುದು. 2023ರ ಮೇ ತಿಂಗಳಲ್ಲಿ ಶುರುವಾದ ಈ ಸೌಲಭ್ಯಕ್ಕೆ ಹಣ ಕೊಡಬೇಕಿಲ್ಲ. ನಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ತಿಳಿಸಬಹುದು. ಇನ್ನೊಂದು ಮಾತು. ಬಳಸದೆ ಬಂದ್ ಆದ ನಂಬರನ್ನು ಕಂಪನಿಗಳು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಪುಣೆಯಲ್ಲಿ ದುಡಿಯುವಾಗ ತೆಗೆದುಕೊಂಡ ಸಿಮ್ ಊರಿಗೆ ಬಂದ ಮೇಲೆ ಮೂಲೆಗೆ ಬಿದ್ದಿದ್ದರೆ, ಬ್ಯಾಂಕ್ ಖಾತೆ ಇನ್ನೂ ಅದೇ ನಂಬರಿಗೆ ಜೋಡಿಸಿಲ್ಲವೇ ಎಂದು ನೋಡಿ. ಇದ್ದರೆ ನಾಳೆ ನಿಮ್ಮ ಓಟಿಪಿ ಯಾರೋ ಅಪರಿಚಿತರ ಫೋನಿಗೆ ಹೋಗುತ್ತದೆ.

ಎರಡನೆಯದು ಓಟಿಪಿಯ ಮೇಲಿನ ಬರಹ. ಅಂಕಿ ಹೇಳುವ ಮೊದಲು ಪೂರ್ತಿ ಸಂದೇಶ ಓದಿ, ಇಲ್ಲವೇ ಸಾಲಿಗೆ ಹೋಗುವ ಮಗಳಿಂದ ಓದಿಸಿ. ಅದು ಯಾವ ಕೆಲಸಕ್ಕೆ ಎಂದು ಸಂದೇಶದಲ್ಲೇ ಇರುತ್ತದೆ. ರೇಷನ್ ಕಾರ್ಡಿಗೆ ಎಂದು ಕೇಳಿದವರ ಓಟಿಪಿಯಲ್ಲಿ ಬ್ಯಾಂಕಿನ ಹೆಸರು, ರೂಪಾಯಿ ಲೆಕ್ಕ ಇದ್ದರೆ ಅಲ್ಲಿಗೇ ನಿಲ್ಲಿಸಿ. ಫೋನ್ ಮಾಡಿ ಕೇಳುವವರಿಗಂತೂ ಹೇಳಲೇಬೇಡಿ. ಹಣ ನಮ್ಮ ಕಡೆಗೆ ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತು ಎಂದರೆ ಹಣ ನಮ್ಮಿಂದ ಹೋಗುತ್ತಿದೆ ಎಂದೇ ಅರ್ಥ.

ಮೂರನೆಯದು ಬೆರಳು. ಆಧಾರ್‌ನ ಅಧಿಕೃತ ಆ್ಯಪ್ ಅಥವಾ ಜಾಲತಾಣದಲ್ಲಿ ಬೆರಳ ಗುರುತಿಗೆ ಬೀಗ ಹಾಕಬಹುದು. ಬೀಗ ಹಾಕಿದರೆ ರೇಷನ್ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ, ಅಲ್ಲಿಗೆ ಹೋಗುವ ಮುನ್ನ ತೆರೆಯಬೇಕು. ಇದು ತೊಡಕೆನಿಸಿದರೆ ಬ್ಯಾಂಕಿಗೆ ಹೋಗಿ, ನಮಗೆ ಆಧಾರ್ ಬೆರಳಿನಿಂದ ಹಣ ತೆಗೆಯುವ ಸೌಲಭ್ಯ ಬೇಡ ಎಂದು ಕೇಳಬಹುದು. ಬ್ಯಾಂಕ್ ಮಿತ್ರರನ್ನೇ ನಂಬಿರುವ ಹಿರಿಯರಿಗೆ ಅದೂ ಆಗದಿದ್ದರೆ, ಪ್ರತಿಸಲ ಬೆರಳು ಒತ್ತಿದ ಮೇಲೆ ಚೀಟಿ ಪಡೆದು ಪಾಸ್‌ಬುಕ್ ಜೊತೆ ಹೋಲಿಸುವುದನ್ನಾದರೂ ಬಿಡಬಾರದು.

ನಾಲ್ಕನೆಯದು ಫೋನಿನೊಳಗೆ ಬರುವ ವಸ್ತು. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಬ್ಯಾಂಕ್ ನೋಟಿಸ್, ಪಿಎಂ ಕಿಸಾನ್ ಪಟ್ಟಿ ಎಂದು ಬಂದ ಫೈಲಿನ ಹೆಸರಿನ ಕೊನೆಗೆ ಎಪಿಕೆ ಎಂದು ಇದ್ದರೆ ಅದು ಪತ್ರಿಕೆಯಲ್ಲ, ಫೋನಿಗೆ ಇಳಿಯುವ ಆ್ಯಪ್. ತೆರೆದರೆ ನಿಮ್ಮ ಸಂದೇಶಗಳನ್ನು ಓದುವ ಅಧಿಕಾರ ಅದಕ್ಕೆ ಸಿಗಬಹುದು, ಆಮೇಲೆ ಓಟಿಪಿಯನ್ನು ನೀವು ಹೇಳಬೇಕಾಗಿಯೇ ಇಲ್ಲ. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎನ್ನುವವರಿಗೂ ಹೆದರಬೇಕಿಲ್ಲ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ.

ಐದನೆಯದು ಮತದಾರರ ಪಟ್ಟಿ. ಬಿಎಲ್‌ಒ ಬಳಿಯೋ ಆಯೋಗದ ಜಾಲತಾಣದಲ್ಲೋ ಮನೆಯ ಎಲ್ಲರ ಹೆಸರು ನೋಡಿ, 1950ಕ್ಕೆ ಕರೆ ಮಾಡಿಯೂ ಕೇಳಬಹುದು. ದುಡಿಯಲು ಹೋದ ಮಕ್ಕಳ ಹೆಸರನ್ನು ಮೊದಲು ನೋಡಿ. ಮನೆಯಲ್ಲಿ ಇಲ್ಲದವರ ಪರವಾಗಿ ಮಾತಾಡುವವರು ಮನೆಯಲ್ಲೇ ಇರಬೇಕು.

ಇಷ್ಟಾಗಿಯೂ ಹಣ ಹೋದರೆ ನಾಚಿಕೊಂಡು ಕೂಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುವ ಮೊದಲು ಬ್ಯಾಂಕುಗಳು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿ. ನಮ್ಮ ಕಡೆ ತಪ್ಪಿಲ್ಲದೆ ಮೂರನೆಯವರಿಂದ ಆದ ನಷ್ಟವನ್ನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ಓಟಿಪಿ, ಪಿನ್ ನಾವೇ ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ, ತಿಳಿಸಿದ ಮೇಲಿನದು ಬ್ಯಾಂಕಿನದು. ಎರಡೂ ಸಂದರ್ಭದಲ್ಲಿ ತಡಮಾಡುವುದೇ ದೊಡ್ಡ ನಷ್ಟ. ಇನ್ನೊಬ್ಬರ ಪಾಸ್‌ವರ್ಡ್, ಗುರುತನ್ನು ಮೋಸಕ್ಕೆ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಈ ಐದು ಕಾಲಂ ನೋಡಲು ಒಂದು ಸಂಜೆ ಸಾಕು. ಮುಂಗಾರು ಬಿತ್ತನೆಗೆ ಮುಂಚೆ ಮಕ್ಕಳು ದೂರದ ಊರುಗಳಿಂದ ಬಂದಿರುತ್ತಾರೆ, ಪಹಣಿಯೂ ಮನೆಗೆ ಬಂದಿರುತ್ತದೆ. ಆ ಹೊತ್ತಿನಲ್ಲಿ ಮುತ್ಯಾನಿಂದ ಮೊಮ್ಮಗಳವರೆಗೆ ಎಲ್ಲರೂ ಕೂತು, ಯಾವ ನಂಬರ್ ಯಾವ ಖಾತೆಗೆ, ಯಾರ ಸಿಮ್ ಯಾರ ಹೆಸರಿಗೆ ಎಂದು ಒಂದು ಹಾಳೆಯ ಮೇಲೆ ಬರೆದಿಡಿ. ಪಿನ್ ಬರೆಯಬೇಡಿ, ಹೆಸರು ಮತ್ತು ನಂಬರ್ ಸಾಕು. ಬರೆದ ಮೇಲೆ ಓದು ಬಾರದವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿ.